ಪುಣೆಯಿಂದ ವಾಪಸ್ ಬಂದ ತಂಗಿ, ಬಿಡದೆ ಬರುವ ಫೋನು

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಬೆಳಗಾವಿ ಜಿಲ್ಲೆಯ ಗಡಿಭಾಗದ ಹಳ್ಳಿ. ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಚಿಕ್ಕಮ್ಮನ ಮಗಳಿಗೆ ಈಗ 22 ವರ್ಷ. ಒಂದೂವರೆ ವರ್ಷದ ಹಿಂದೆ ಪಕ್ಕದ ಊರಿನ ಹೆಂಗಸೊಬ್ಬಳು ಪುಣೆಯಲ್ಲಿ ಮನೆಗೆಲಸ ಕೊಡಿಸುತ್ತೇನೆ ಎಂದು ಕರೆದುಕೊಂಡು ಹೋದಳು. ಚಿಕ್ಕಮ್ಮನ ಆಪರೇಷನ್‌ಗೆ ಮಾಡಿದ ಸಾಲ ಇತ್ತು. ಆ ಹೆಂಗಸು 40,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದಳು. ಆಮೇಲೆ ಫೋನ್ ಇಲ್ಲ, ಸುದ್ದಿ ಇಲ್ಲ. ಪುಣೆ ಪೊಲೀಸರು ದಾಳಿ ಮಾಡಿದಾಗಲೇ ನಮಗೆ ಗೊತ್ತಾಗಿದ್ದು, ಅವಳನ್ನು ಮಾರಿಬಿಟ್ಟಿದ್ದರು. ಐದು ತಿಂಗಳು ಅಲ್ಲಿನ ಮಹಿಳಾ ಆಶ್ರಮದಲ್ಲಿದ್ದು, ಮೂರು ವಾರದ ಹಿಂದೆ ಮನೆಗೆ ಬಂದಿದ್ದಾಳೆ. ಹಗಲೆಲ್ಲ ಮಲಗುತ್ತಾಳೆ. ಯಾರ ಜೊತೆಗೂ ಮಾತಿಲ್ಲ. ಆ ಹೆಂಗಸು ಫೋನ್ ಮಾಡಿ ‘ಬಾಕಿ ಕೊಡು, ಇಲ್ಲ ವಾಪಸ್ ಬಾ’ ಅನ್ನುತ್ತಾಳೆ. ಸೋದರಮಾವ ಎಮ್ಮೆ ಮಾರಿ ಅವಳ ದುಡ್ಡು ಬಿಸಾಕೋಣ, ಬೇಗ ಒಂದು ಮದುವೆ ಮಾಡೋಣ ಅನ್ನುತ್ತಾರೆ. ಪುಣೆ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಬೇಕಂತೆ. ಇದರ ನಡುವೆ ಅದೇ ಹೆಂಗಸು ಈಗ ನಮ್ಮೂರಿನ ಇನ್ನೊಂದು ಹುಡುಗಿಯ ಮನೆಗೆ ಓಡಾಡುತ್ತಿದ್ದಾಳೆ. ನಾವು ಏನು ಮಾಡಬೇಕು? ಹೆಸರು, ಊರು ಹಾಕಬೇಡಿ.

ಉತ್ತರ: ಮೊದಲು ಎಮ್ಮೆಯ ವಿಷಯ. ಮಾರಬೇಡಿ.

ಆ ಹೆಂಗಸು ಕೇಳುತ್ತಿರುವ ದುಡ್ಡು ಕಾನೂನಿನ ಪ್ರಕಾರ ಸಾಲವೇ ಅಲ್ಲ. ಮುಂಗಡ ಕೊಟ್ಟು, ಆ ಮುಂಗಡದ ಹೆಸರಿನಲ್ಲಿ ಒಬ್ಬರನ್ನು ಬಲವಂತವಾಗಿ ದುಡಿಸಿಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲ ತೀರಿಸುವ ಹೊಣೆ ಯಾರ ಮೇಲೂ ಇಲ್ಲ. ಅಷ್ಟೇ ಅಲ್ಲ, ಅಂಥ ಸಾಲದ ಲೆಕ್ಕಕ್ಕೆ ದುಡ್ಡು ಇಸಿದುಕೊಂಡವರಿಗೇ 3 ವರ್ಷದವರೆಗೆ ಜೈಲು. ಜೀತ ಅಂದರೆ ಗೌಡರ ಹೊಲ, ಇಟ್ಟಿಗೆ ಭಟ್ಟಿ ಅಷ್ಟೇ ಎಂದು ಜನ ತಿಳಿದಿದ್ದಾರೆ. ಪೊಲೀಸರಲ್ಲೂ ಬಹಳ ಜನ ಹಾಗೇ ತಿಳಿದಿದ್ದಾರೆ.

ಈ ‘ಬಾಕಿ’ ಹೇಗೆ ಬೆಳೆಯುತ್ತದೆ ಅಂತ ನಿಮ್ಮ ಮಾವನಿಗೆ ಒಂದು ಸಲ ಹೇಳಿ. ಪುಣೆಯ ಬುಧವಾರ ಪೇಟೆ ಇರಲಿ, ಮುಂಬೈಯ ಕಾಮಾಟಿಪುರ ಇರಲಿ, ವೇಶ್ಯಾಗೃಹಗಳ ಈ ಕೇರಿಗಳಲ್ಲಿ ಲೆಕ್ಕದ ರೀತಿ ಹೆಚ್ಚುಕಡಿಮೆ ಒಂದೇ. ಘರ್‌ವಾಲಿ, ಅಂದರೆ ವೇಶ್ಯಾಗೃಹ ನಡೆಸುವವಳು, ಏಜೆಂಟಿಗೆ ಎಷ್ಟು ಕೊಟ್ಟಳೋ ಅದು ಹುಡುಗಿಯ ಹೆಸರಲ್ಲಿ ಮೊದಲ ಸಾಲು. ನಿಮ್ಮ ಮನೆಗೆ ಬಂದಿದ್ದು 40,000 ಆದರೂ ಅಲ್ಲಿ ಬರೆದಿರುವುದು ಅದರ ಎರಡು ಪಟ್ಟೋ ಮೂರು ಪಟ್ಟೋ ಇರುತ್ತದೆ. ಅದರ ಕೆಳಗೆ ಬಡ್ಡಿ. ಮಂಚದ ಬಾಡಿಗೆ. ಊಟ. ಸೀರೆ, ಪೌಡರ್. ಜ್ವರ ಬಂದರೆ ಡಾಕ್ಟರ್ ಫೀಸು, ಜ್ವರದ ದಿನ ದುಡಿಯದೇ ಇದ್ದದ್ದಕ್ಕೆ ದಂಡ. ಪೊಲೀಸರಿಗೆ ಕೊಡಬೇಕು ಅಂತ ಒಂದಿಷ್ಟು. ಪುಸ್ತಕ ಘರ್‌ವಾಲಿಯ ಕೈಯಲ್ಲಿ. ಹುಡುಗಿ ಅದನ್ನು ನೋಡಿರುವುದೇ ಇಲ್ಲ. ಬರುವ ದುಡ್ಡಿನಲ್ಲಿ ಅವಳ ಪಾಲು ಎಂದು ಏನಿದೆಯೋ ಅದೆಲ್ಲ ಈ ಪುಸ್ತಕಕ್ಕೇ ಜಮೆ. ಆದರೂ ಬಾಕಿ ಮಾತ್ರ ಇಳಿಯುವುದಿಲ್ಲ. ಈಗ ನಿಮ್ಮ ಮಾವ ಎಮ್ಮೆ ಮಾರಿ ಕೊಟ್ಟರೆ ಆ ಹೆಂಗಸಿಗೆ ಗೊತ್ತಾಗುವುದು ಒಂದೇ: ಈ ಮನೆಯವರು ಹೆದರುತ್ತಾರೆ, ಕೇಳಿದರೆ ಕೊಡುತ್ತಾರೆ. ಮುಂದಿನ ತಿಂಗಳು ಇನ್ನೊಂದು ಲೆಕ್ಕ ಬರುತ್ತದೆ.

ಫೋನ್ ಬಂದರೆ ಜಗಳ ಮಾಡಬೇಡಿ, ಕೊಡುತ್ತೇವೆ ಅಂತಲೂ ಹೇಳಬೇಡಿ. ಮನೆಯಲ್ಲಿ ಒಬ್ಬರೇ ಮಾತಾಡಿ. ಕಾಲ್ ರೆಕಾರ್ಡ್ ಮಾಡಿ, ವಾಟ್ಸ್‌ಆಪ್ ವಾಯ್ಸ್ ಮೆಸೇಜ್ ಇದ್ದರೆ ಅಳಿಸಬೇಡಿ. ‘ವಾಪಸ್ ಬಾ’ ಎಂಬ ಆ ಮಾತೇ ನಾಳೆ ಸಾಕ್ಷಿ. ತಂಗಿಗೆ ಹೊಸ ಸಿಮ್ ಹಾಕಿಸಿ. ಹಳೇ ಸಿಮ್ ಬಿಸಾಡಬೇಡಿ, ಬೇರೆ ಫೋನಿಗೆ ಹಾಕಿ ನೀವು ಇಟ್ಟುಕೊಳ್ಳಿ. ಅಡ್ವಾನ್ಸ್ ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಬಂದಿದ್ದರೆ ಆ ಎಂಟ್ರಿಯ ಪ್ರಿಂಟ್ ತೆಗೆಸಿ. ಫೋಟೋ, ವಿಡಿಯೋ ಇದೆ ಅಂತ ಹೆದರಿಸಿದರೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಅಪರಾಧದ ಸಹಾಯವಾಣಿ.

ಅಲ್ಲಿಗೆ ಸುಳ್ಳು ಸಾಲದ ಕತೆ ಮುಗಿಯಿತು. ನಿಜವಾದ ಸಾಲ ಇನ್ನೊಂದಿದೆ ಅಲ್ವಾ? ಚಿಕ್ಕಮ್ಮನ ಆಪರೇಷನ್ ಸಾಲ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದೇ. ಬಿಡಿಸಿಕೊಂಡು ಬಂದ ಹೆಣ್ಣುಮಕ್ಕಳಲ್ಲಿ ಕೆಲವರು ಮತ್ತೆ ಅದೇ ಜಾಗಕ್ಕೆ ಹೋಗುತ್ತಾರೆ. ಜನ ‘ಚಟ ಹತ್ತಿದೆ’ ಅಂತ ಬಾಯಿಗೆ ಬಂದಂತೆ ಮಾತಾಡುತ್ತಾರೆ. ನಾನು ನೋಡಿದ ಮನೆಗಳಲ್ಲಿ ಕಾರಣ ಬೇರೆ. ಅವಳನ್ನು ಕಳಿಸಿದ ಸಾಲ ಅವಳು ಬಂದಾಗಲೂ ಹಾಗೇ ಇತ್ತು. ವಾರಕ್ಕೊಮ್ಮೆ ಫೈನಾನ್ಸ್‌ನವರು ಬಾಗಿಲಿಗೆ ಬರುತ್ತಿದ್ದರು. ಮನೆಯಲ್ಲಿ ದುಡಿಯುವ ಕೈ ಒಂದು, ಉಣ್ಣುವ ಬಾಯಿ ಐದು. ಅವಳು ಎರಡು ತಿಂಗಳು ನೋಡಿದಳು, ಮೂರನೇ ತಿಂಗಳು ತಾನೇ ಫೋನ್ ಮಾಡಿದಳು. ದಾಳಿ ಮಾಡಿ ಬಿಡಿಸುವುದು ಒಂದು ದಿನದ ಕೆಲಸ. ಈ ಸಾಲಕ್ಕೆ ದಾರಿ ಮಾಡದೇ ಇದ್ದರೆ ಆ ಕೆಲಸವೇ ಕೆಡುತ್ತದೆ.

ಹಾಗಾಗಿ ಚಿಕ್ಕಮ್ಮನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಕಾಗದ ಇದೆಯಾ. ಮೈಕ್ರೋ ಫೈನಾನ್ಸ್ ಸಾಲ ಇದ್ದು ವಸೂಲಿಗೆ ಬಂದವರು ಬೈದು ಹೆದರಿಸುತ್ತಿದ್ದರೆ, 2025ರಲ್ಲಿ ಕರ್ನಾಟಕ ಅದಕ್ಕೆಂದೇ ಕಾನೂನು ತಂದಿದೆ. ಬಲವಂತದ ವಸೂಲಿಗೆ ಈಗ ಜೈಲು ಶಿಕ್ಷೆ ಇದೆ. ನೋಂದಣಿ ಇರುವ ಸಂಸ್ಥೆಯ ಸಾಲ ಮಾಫಿ ಆಗುವುದಿಲ್ಲ, ಆದರೆ ಕಂತು ಇಳಿಸಿ ಅಂತ ಕೇಳುವ ಧೈರ್ಯ ಬರುತ್ತದೆ. ಇನ್ನು ನೀವು ಅಂಗನವಾಡಿಯವರು. ಊರಿನ ಸ್ತ್ರೀಶಕ್ತಿ ಸಂಘದ ಸದಸ್ಯರೆಲ್ಲ ನಿಮಗೆ ಗೊತ್ತಿರುತ್ತಾರೆ. ಜಾಸ್ತಿ ಬಡ್ಡಿಯ ಕೈಸಾಲವನ್ನು ಸಂಘದ ಕಡಿಮೆ ಬಡ್ಡಿಗೆ ಬದಲಾಯಿಸಲು ಆಗುತ್ತದಾ ನೋಡಿ. ದೊಡ್ಡ ಯೋಜನೆಗಳಿಗಿಂತ ಇದೇ ಬೇಗ ಕೈಗೆ ಸಿಗುತ್ತದೆ.

ಈಗ ತಂಗಿಯ ವಿಷಯ. ಹಗಲೆಲ್ಲ ಮಲಗುತ್ತಾಳೆ ಅಂದಿರಿ. ಅವಳ ದೇಹ ತಿಂಗಳುಗಟ್ಟಲೆ ರಾತ್ರಿ ಎಚ್ಚರ, ಹಗಲು ನಿದ್ದೆಗೆ ಹೊಂದಿಕೊಂಡಿದೆ. ಜೊತೆಗೆ ರಾತ್ರಿ ಅಂದರೆ ಭಯ ಇರಬಹುದು. ಇದು ಸೋಮಾರಿತನ ಅಲ್ಲ. ಬೆಳಿಗ್ಗೆ ಎಬ್ಬಿಸಿ ಬೈಯುವುದು ಬೇಡ. ನಿಧಾನಕ್ಕೆ ಸರಿಯಾಗುತ್ತದೆ. ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇರಲಿ. ಅದು ಅವಳ ಕೈಯಲ್ಲಿ ಇರಲಿ. ಚಿಕ್ಕ ವಿಷಯ ಅನ್ನಿಸಬಹುದು. ಅಲ್ಲಿ ಅವಳ ಬಾಗಿಲಿನ ಚಿಲಕ ಯಾವಾಗಲೂ ಇನ್ನೊಬ್ಬರ ಕೈಯಲ್ಲಿತ್ತು.

‘ಏನಾಯಿತು ಹೇಳು’ ಅಂತ ಯಾರೂ ಕೇಳಬಾರದು. ಅತ್ತೆ, ದೊಡ್ಡಮ್ಮ, ನೋಡಲು ಬಂದ ನೆಂಟರು, ಯಾರೂ. ಅವಳು ಇದೇ ಕತೆಯನ್ನು ಈಗಾಗಲೇ ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ, ಆಶ್ರಮದವರಿಗೆ ಹೇಳಿ ಬಂದಿದ್ದಾಳೆ. ಬೇಕಾದಾಗ ಅವಳೇ ಹೇಳುತ್ತಾಳೆ, ಬೇಡವಾದರೆ ಹೇಳುವುದೇ ಇಲ್ಲ. ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ. ಇವತ್ತು ಊಟಕ್ಕೆ ಏನು ಮಾಡಲಿ? ಸಂತೆಗೆ ಬರುತ್ತೀಯಾ? ಅಂಗನವಾಡಿಗೆ ಬಂದು ಸ್ವಲ್ಪ ಹೊತ್ತು ಮಕ್ಕಳ ಜೊತೆ ಕೂರುತ್ತೀಯಾ? ಬರಲ್ಲ ಅಂದರೆ ಬಿಡಿ. ‘ಬೇಡ’ ಅಂದರೆ ಬೇಡ ಎಂದು ನಡೆಯುವ ಮನೆ ಅವಳಿಗೆ ಬಹಳ ದಿನದಿಂದ ಸಿಕ್ಕಿಲ್ಲ.

ಎರಡು ವಾರಕ್ಕೂ ಜಾಸ್ತಿ ನಿದ್ದೆ ಇಲ್ಲದಿದ್ದರೆ, ಊಟ ಬಿಟ್ಟರೆ, ಇಲ್ಲವೇ ಒಂದು ಸಲ ಸಾಯುವ ಮಾತಾಡಿದರೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ದೇಹದ ತಪಾಸಣೆಯೂ ಬೇಕು. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ. ಆದರೆ ಅವಳು ಒಪ್ಪಿದರೆ ಮಾತ್ರ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಮನೆಯವರಿಗೂ ಹೇಳುವಂತಿಲ್ಲ. ಆದ್ದರಿಂದ ಮಾವ ರಿಪೋರ್ಟ್ ಕೇಳಿದರೆ ತೋರಿಸಬೇಕಾಗಿಲ್ಲ. ಒಂದು ವೇಳೆ ಪಾಸಿಟಿವ್ ಬಂದರೂ ಎಚ್‌ಐವಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ಬಿಡದೆ ತೆಗೆದುಕೊಂಡರೆ ಎಲ್ಲರಂತೆ ಬದುಕಬಹುದು.

ಮದುವೆ ಬಗ್ಗೆ ನೇರವಾಗಿ ಹೇಳುತ್ತೇನೆ. ಈಗ ಬೇಡ. ಮಾವನಿಗೆ ಕೆಟ್ಟ ಉದ್ದೇಶ ಇದೆ ಅಂತ ನಾನು ಅನ್ನುವುದಿಲ್ಲ. ಅವರ ಲೆಕ್ಕದಲ್ಲಿ ಮದುವೆ ಆದರೆ ಬಾಯಿಗಳು ಮುಚ್ಚುತ್ತವೆ. ನಡೆಯುವುದು ತಿರುಗಾಮುರುಗ. ಗಂಡನಿಗೆ ಹೇಳದೆ ಮದುವೆ ಮಾಡಿದರೆ ಆ ಗುಟ್ಟು ಏಜೆಂಟಿನ ಕೈಯಲ್ಲಿ ಆಯುಧ. ‘ನಿನ್ನ ಗಂಡನಿಗೆ ಹೇಳಲಾ?’ ಎಂಬ ಒಂದು ಮಾತಿಗೆ ಅವಳು ಏನು ಬೇಕಾದರೂ ಮಾಡುವ ಹಾಗೆ ಆಗುತ್ತದೆ. ಅದೂ ಅಲ್ಲದೆ ಅವಸರದ ಮದುವೆಗೆ ಸಿಗುವ ಗಂಡು ಎಂಥವನಿರುತ್ತಾನೆ ಯೋಚಿಸಿ. ಉತ್ತರ ಕರ್ನಾಟಕದಲ್ಲಿ ‘ಗುಜ್ಜರ್ ಮದುವೆ’ ಅಂತ ಕೇಳಿರುತ್ತೀರಿ. ದೂರದ ರಾಜ್ಯದ ಗಂಡು, ವರದಕ್ಷಿಣೆ ಬೇಡ, ಖರ್ಚೆಲ್ಲ ಅವರದೇ, ಮೇಲೆ ಅಪ್ಪನ ಕೈಗೆ ದುಡ್ಡು. ಅದು ಮದುವೆಯ ಬಟ್ಟೆ ತೊಟ್ಟ ಮಾರಾಟ. ಇಂಥ ದಲ್ಲಾಳಿಗಳು ಹುಡುಕುವುದೇ ‘ಹೇಗಾದರೂ ಸಾಗಹಾಕಬೇಕು’ ಅನ್ನುವ ಮನೆಗಳನ್ನು. ಅವಳಿಗೆ ಮದುವೆ ಬೇಕು ಅನ್ನಿಸಿದ ದಿನ ಅವಳೇ ಹೇಳಲಿ.

ಇನ್ನು ಕೇಸು. ಇಲ್ಲಿ ಸ್ವಲ್ಪ ಉದ್ದ ಹೇಳಬೇಕು.

ಪುಣೆಯ ಎಫ್‌ಐಆರ್‌ನಲ್ಲಿ ಸಾಮಾನ್ಯವಾಗಿ ಇರುವುದು ಘರ್‌ವಾಲಿ, ಮ್ಯಾನೇಜರ್, ಆ ಹೊತ್ತಿಗೆ ಸಿಕ್ಕಿದ ಗಿರಾಕಿ. ನಿಮ್ಮ ಪಕ್ಕದ ಊರಿನ ಹೆಂಗಸಿನ ಹೆಸರು ಅದರಲ್ಲಿ ಇದೆಯಾ ಎಂದು ಮೊದಲು ನೋಡಿ. ಬಹಳ ಸಲ ಇರುವುದಿಲ್ಲ. ಅದಕ್ಕೇ ಅವಳು ಅಷ್ಟು ಧೈರ್ಯವಾಗಿ ಓಡಾಡುತ್ತಾಳೆ. ನಿಮ್ಮ ಠಾಣೆಗೆ ಹೋದರೆ ‘ಇದು ಪುಣೆ ಕೇಸು, ಅಲ್ಲಿ ಹೋಗಿ’ ಅನ್ನಬಹುದು. ಒಪ್ಪಬೇಡಿ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಹೆಣ್ಣನ್ನು ಎಲ್ಲಿಂದ ಕರೆದೊಯ್ದರೋ ಆ ಊರಿನ ಕೋರ್ಟಿನಲ್ಲೂ ವಿಚಾರಣೆ ಮಾಡಬಹುದು, ಎಲ್ಲಿಗೆ ಕರೆದೊಯ್ದರೋ ಅಲ್ಲೂ ಮಾಡಬಹುದು. ಕರೆದುಕೊಂಡು ಹೋದ ಅಪರಾಧ ನಡೆದದ್ದು ನಿಮ್ಮ ತಾಲ್ಲೂಕಿನಲ್ಲೇ. ಅದೂ ಸಾಲದಿದ್ದರೆ, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು ಎಂದಿದೆ. ಝೀರೋ ಎಫ್‌ಐಆರ್ ಅನ್ನುವುದು ಇದಕ್ಕೇ. ಠಾಣೆಯಲ್ಲಿ ಕೆಲಸ ಆಗದಿದ್ದರೆ ಎಸ್‌ಪಿ ಕಚೇರಿಗೆ ಬರೆದುಕೊಡಿ, ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಕೊಡಿ ಎಂದು ಕೇಳಿ.

‘ಅವಳೇ ಒಪ್ಪಿ ಹೋಗಿದ್ದಳು, ತಾಯಿ ದುಡ್ಡು ತೆಗೆದುಕೊಂಡಿದ್ದಳು’ ಎಂದು ಆ ಹೆಂಗಸು ಹೇಳೇ ಹೇಳುತ್ತಾಳೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ (ಹಳೇ ಕೇಸಾದರೆ ಐಪಿಸಿ 370) ಅದಕ್ಕೆ ಉತ್ತರ ಕೊಟ್ಟಿದೆ. ಮೋಸ, ಆಮಿಷ, ಬಲವಂತದಿಂದ ಶೋಷಣೆಗಾಗಿ ಸಾಗಿಸಿದ್ದರೆ ಆ ಹೆಣ್ಣು ಒಪ್ಪಿದ್ದಳಾ ಇಲ್ಲವಾ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಶಿಕ್ಷೆ 7ರಿಂದ 10 ವರ್ಷ. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ 10 ವರ್ಷದಿಂದ ಜೀವಾವಧಿ. ಆ ಹೆಂಗಸು ಇನ್ನೊಂದು ಹುಡುಗಿಯ ಮನೆಗೆ ಓಡಾಡುತ್ತಿದ್ದಾಳೆ ಎಂಬುದನ್ನೂ ದೂರಿನಲ್ಲಿ ಬರೆಯಿರಿ. ಚಿಕ್ಕಮ್ಮನಿಗೆ ಒಂದು ಭಯ ಇರುತ್ತದೆ, ‘ದುಡ್ಡು ತೆಗೆದುಕೊಂಡವಳು ನಾನು, ನನ್ನನ್ನೇ ಹಿಡಿಯುತ್ತಾರಾ?’ ಎಂದು. ಅದನ್ನು ಅವರು ಬಾಯಿ ಬಿಟ್ಟು ಹೇಳದೇ ಇರಬಹುದು. ಕೂಲಿಯ ಮುಂಗಡ ಎಂದು ನಂಬಿ ತೆಗೆದುಕೊಂಡವರು ಮಾರಿದವರಲ್ಲ. ದೂರು ಕೊಡುವ ಮೊದಲು ಈ ವಿಷಯವನ್ನು ವಕೀಲರ ಮುಂದೆ ಬಿಚ್ಚಿ ಹೇಳಿ, ಮುಚ್ಚಿಡಬೇಡಿ.

ವಕೀಲರಿಗೆ ದುಡ್ಡು ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಸಾಗಾಣಿಕೆಗೆ ಬಲಿಯಾದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಬೆಳಗಾವಿಯಲ್ಲಿ ಜಿಲ್ಲಾ ಪ್ರಾಧಿಕಾರ. ಫೋನ್ ಮಾಡುವುದಾದರೆ 15100. ಅಲ್ಲಿಗೆ ಹೋಗಲು ಬಸ್ ಚಾರ್ಜೂ ಇಲ್ಲ, ಶಕ್ತಿ ಯೋಜನೆ ಇದೆಯಲ್ಲ. ಹೋಗುವಾಗ ಪುಣೆ ಎಫ್‌ಐಆರ್ ನಂಬರ್, ಮ್ಯಾಜಿಸ್ಟ್ರೇಟ್ ಆದೇಶದ ಪ್ರತಿ, ಆಶ್ರಮದಿಂದ ಬಿಟ್ಟು ಕಳಿಸಿದ ಪತ್ರ, ಇಷ್ಟು ತೆಗೆದುಕೊಂಡು ಹೋಗಿ. ಪತ್ರ ಮರಾಠಿಯಲ್ಲಿದ್ದರೂ ಪರವಾಗಿಲ್ಲ, ಗಡಿಭಾಗದ ಕೋರ್ಟಿನಲ್ಲಿ ಓದುವವರು ಸಿಗುತ್ತಾರೆ.

ಅಲ್ಲಿ ಮೂರು ಕೆಲಸ ಕೇಳಿ. ಒಂದು, ಸಾಕ್ಷಿ. ಪುಣೆಗೆ ಹೋಗಲೇಬೇಕು ಎಂದೇನಿಲ್ಲ, ನಿಮ್ಮ ಜಿಲ್ಲಾ ಕೋರ್ಟಿನಿಂದ ವಿಡಿಯೋ ಕಾನ್ಫರೆನ್ಸ್ ಮೂಲಕ ಹೇಳಲು ಅವಕಾಶ ಕೇಳಬಹುದು. ಆರೋಪಿಯ ಮುಖ ನೋಡದೆ ಸಾಕ್ಷಿ ಹೇಳುವ ಪ್ರತ್ಯೇಕ ಕೊಠಡಿಗಳೂ ಈಗ ಜಿಲ್ಲಾ ಕೋರ್ಟುಗಳಲ್ಲಿ ಬಂದಿವೆ. ಬೆದರಿಕೆ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಅರ್ಜಿ ಹಾಕಬಹುದು. ಇಲ್ಲಿ ಆ ಫೋನ್ ರೆಕಾರ್ಡಿಂಗ್ ಕೆಲಸಕ್ಕೆ ಬರುತ್ತದೆ. ಎರಡು, ಪರಿಹಾರ. ಆರೋಪಿಗೆ ಶಿಕ್ಷೆ ಆಗುವವರೆಗೆ ಕಾಯಬೇಕಾಗಿಲ್ಲ. ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು, ಮಧ್ಯಂತರ ಪರಿಹಾರವನ್ನೂ ಕೇಳಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ಎಂದಿದೆ. ಅಪರಾಧ ಎರಡು ರಾಜ್ಯದಲ್ಲಿ ನಡೆದಿರುವುದರಿಂದ ಅರ್ಜಿ ಇಲ್ಲಿ ಹಾಕುವುದಾ ಪುಣೆಯಲ್ಲಾ ಎಂದು ವಕೀಲರು ನೋಡಲಿ. ಎರಡೂ ಕಡೆಯವರು ‘ನಮ್ಮದಲ್ಲ’ ಅನ್ನುವ ಸಾಧ್ಯತೆ ಇದೆ. ಲಿಖಿತವಾಗಿ ಉತ್ತರ ಕೊಡಿ ಅಂತ ಕೇಳಿ, ಬಾಯಿಮಾತು ಬೇಡ.

ಮೂರನೆಯದು ಬಹಳ ಜನ ಕೇಳುವುದೇ ಇಲ್ಲ. ಜೀತವಿಮುಕ್ತರ ಪುನರ್ವಸತಿಗೆ ಕೇಂದ್ರದ ಯೋಜನೆ ಇದೆ. ವೇಶ್ಯಾಗೃಹ, ಸಾಗಾಣಿಕೆಯಂಥ ಸ್ಥಿತಿಯಿಂದ ಬಿಡಿಸಿದ ಹೆಣ್ಣುಮಕ್ಕಳಿಗೆ ಅದರಲ್ಲಿ 3 ಲಕ್ಷ ರೂಪಾಯಿ. ತಕ್ಷಣದ ನೆರವು ಬೇರೆ, 30,000ದವರೆಗೆ. ಇದು ಸಿಗಲು ಜೀತದಿಂದ ಬಿಡುಗಡೆಯಾದಳು ಎಂಬ ಬಿಡುಗಡೆ ಪತ್ರ ಬೇಕು, ಅದನ್ನು ಕೊಡುವುದು ಬಿಡಿಸಿದ ಜಿಲ್ಲೆಯ ಆಡಳಿತ. ದಾಳಿ ಮಾಡಿದ ಪೊಲೀಸರು ಅದನ್ನು ಜೀತ ಎಂದು ಬರೆಯದೇ ಇದ್ದರೆ ಪತ್ರವೇ ಹುಟ್ಟುವುದಿಲ್ಲ. ನಿಮ್ಮ ಪ್ರಾಧಿಕಾರದ ಮೂಲಕ ಪುಣೆಯ ಪ್ರಾಧಿಕಾರಕ್ಕೆ, ಅಲ್ಲಿಂದ ಜಿಲ್ಲಾಡಳಿತಕ್ಕೆ ಅರ್ಜಿ ಹೋಗಲಿ. ನಿಧಾನ ಆಗುತ್ತದೆ, ಓಡಾಟ ಇದೆ. ಪೂರ್ತಿ ಹಣ ಕೇಸಿನ ಗತಿಯ ಮೇಲೂ ನಿಂತಿರುತ್ತದೆ. ಆದರೂ ಹಾಕಿ.

ಇವೆಲ್ಲ ಬರುವುದು ಅವಳ ಹೆಸರಿನ ಬ್ಯಾಂಕ್ ಖಾತೆಗೆ. ಅವಳ ಆಧಾರ್ ಏಜೆಂಟ್ ಹತ್ತಿರವೇ ಉಳಿದಿರಬಹುದು. ಹೊಸ ಪ್ರತಿ ತೆಗೆಸಿ, ಮೊಬೈಲ್ ನಂಬರ್ ಬದಲಾಯಿಸಿ. ಹಳೇ ಖಾತೆಯ ಎಟಿಎಂ ಕಾರ್ಡ್ ಬೇರೆಯವರ ಕೈಯಲ್ಲಿದ್ದರೆ ಬ್ಲಾಕ್ ಮಾಡಿಸಿ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ್ದರೆ ಸೇರಿಸಿ. ಪಾಸ್‌ಬುಕ್ ಅವಳ ಹತ್ತಿರವೇ ಇರಲಿ, ಮಾವನ ಹತ್ತಿರ ಬೇಡ. ಈ ಮಾತಿಗೆ ಮನೆಯಲ್ಲಿ ಜಗಳ ಆಗುತ್ತದೆ ಅಂತ ಗೊತ್ತು. ಆಗಲಿ.

ಕೆಲಸದ ವಿಷಯದಲ್ಲಿ ನನ್ನದೊಂದು ತಕರಾರಿದೆ. ಇಂಥ ಹೆಣ್ಣುಮಕ್ಕಳು ಬಂದ ಕೂಡಲೇ ಎಲ್ಲರೂ ಒಂದು ಹೊಲಿಗೆ ಮಷಿನ್ ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಊರಲ್ಲಿ ಈಗಾಗಲೇ ಆರು ಜನ ಬ್ಲೌಸ್ ಹೊಲಿಯುವವರು ಇರುತ್ತಾರೆ. ಏಳನೆಯವಳಿಗೆ ತಿಂಗಳಿಗೆ ಎಷ್ಟು ಬಂದೀತು? ಅವಳಿಗೆ ಏನು ಇಷ್ಟ, ಏನು ಬರುತ್ತದೆ ಎಂದು ಮೊದಲು ಕೇಳಿ. ಪುಣೆಯಲ್ಲಿದ್ದು ಮರಾಠಿ, ಹಿಂದಿ ಕಲಿತಿರುತ್ತಾಳೆ. ಗಡಿಭಾಗದ ಅಂಗಡಿಗಳಲ್ಲಿ ಮೂರು ಭಾಷೆ ಬರುವ ಹುಡುಗಿಗೆ ಬೆಲೆ ಇದೆ. ತರಬೇತಿ ಬೇಕೆಂದರೆ ಪ್ರತಿ ಜಿಲ್ಲೆಯಲ್ಲೂ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯದೇ. ಊಟ, ವಸತಿ ಸಹಿತ ಉಚಿತ. ಕೆಲವು ವಾರ ಊರಿನ ಕಣ್ಣು ತಪ್ಪಿಸಿ ಬೇರೆ ಹುಡುಗಿಯರ ಜೊತೆ ಇರುವುದೂ ಅವಳಿಗೆ ಒಳ್ಳೆಯದೇ. ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರಿಗೆ ಮಹಿಳಾ ಅಭಿವೃದ್ಧಿ ನಿಗಮದ ‘ಚೇತನ’ ಯೋಜನೆ ಇದೆ. ಆದರೆ ಆ ಅರ್ಜಿಯಲ್ಲಿ ಆ ಗುರುತು ಹೇಳಿಕೊಳ್ಳಬೇಕಾಗುತ್ತದೆ. ಅದನ್ನು ಅವಳೇ ತೀರ್ಮಾನಿಸಲಿ, ಅವಳ ಪರವಾಗಿ ನೀವು ಅರ್ಜಿ ತುಂಬಬೇಡಿ.

ಮನೆಯಲ್ಲಿ ಇರಲು ಆಗುತ್ತಿಲ್ಲ ಅಂದರೆ ಬೇರೆ ಜಾಗ ಇದೆ. ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಕೆಲವು ದಿನ, ಶಕ್ತಿ ಸದನದಲ್ಲಿ ಹೆಚ್ಚು ಕಾಲ. ಹಿಂದಿನ ಉಜ್ವಲಾ, ಸ್ವಾಧಾರ ಗೃಹಗಳೇ ಈಗ ಶಕ್ತಿ ಸದನ ಆಗಿವೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆಶ್ರಮ ಅಂದ ಕೂಡಲೇ ಅವಳು ಬೆಚ್ಚಬಹುದು. 1956ರ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು 1ರಿಂದ 3 ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇಡಲು ಆದೇಶ ಮಾಡಬಹುದು. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳಿಗೆ ಬಿಡಿಸಿದ್ದೂ ಇನ್ನೊಂದು ಬಂಧನದಂತೆ ಕಂಡಿದೆ. 2020ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಹೀಗೆ ಇಟ್ಟಿದ್ದ ಮೂವರು ವಯಸ್ಕ ಮಹಿಳೆಯರನ್ನು ಬಿಡಲು ಹೇಳಿತು. ವಯಸ್ಸಿಗೆ ಬಂದ ಹೆಣ್ಣನ್ನು ಅವಳ ಇಷ್ಟಕ್ಕೆ ವಿರುದ್ಧವಾಗಿ ಕೂಡಿಹಾಕುವಂತಿಲ್ಲ ಎಂದಿತು. ಶಕ್ತಿ ಸದನಕ್ಕೆ ಹೋಗುವುದಾದರೆ ಇಷ್ಟಪಟ್ಟು ಹೋಗಲಿ.

ಆ ಇನ್ನೊಂದು ಹುಡುಗಿ. ಅವಳಿಗೆ 18 ತುಂಬಿಲ್ಲದಿದ್ದರೆ ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಾಳೆ ಬಸ್ಸು ಹತ್ತಿಸುತ್ತಾರೆ ಎಂಬ ಸುದ್ದಿ ಇದ್ದರೆ ಬೇರೆ ಏನೂ ಯೋಚಿಸದೆ ಪೊಲೀಸರ ತುರ್ತು ನಂಬರ್ 112. ನಿಮ್ಮ ಹೆಸರು ಹೊರಗೆ ಬರಬಾರದು ಎಂದು ಕೇಳಿಕೊಳ್ಳಬಹುದು. ಗ್ರಾಮ ಪಂಚಾಯಿತಿಗೊಂದು ಸಾಗಾಣಿಕೆ ತಡೆ ಸಮಿತಿ ಇರಬೇಕು ಎಂದಿದೆ, ಕಾಗದದ ಮೇಲೆ ಇದ್ದೇ ಇರುತ್ತದೆ. ಸಭೆ ಕರೆಯಿರಿ ಅಂತ ಪಿಡಿಒಗೆ ಒಂದು ಅರ್ಜಿ ಕೊಡಿ. ಅವಳ ಮನೆಗೂ ಹೋಗಿ. ಹೋದಾಗ ಭಾಷಣ ಮಾಡಬೇಡಿ. ಆ ತಾಯಿಗೆ ಅಪಾಯ ಗೊತ್ತಿಲ್ಲ ಅಂತೇನಿಲ್ಲ. ಎದುರಿಗೆ ದುಡ್ಡು ಹಿಡಿದು ಕೂತಿರುವವಳು ಆ ಏಜೆಂಟ್ ಹೆಂಗಸೊಬ್ಬಳೇ, ಬೇರೆ ಯಾರೂ ಇಲ್ಲ. ಎಷ್ಟು ಅಡ್ವಾನ್ಸ್ ಮಾತಾಗಿದೆ, ಅದು ಯಾವುದಕ್ಕೆ ಬೇಕಾಗಿದೆ ಎಂದು ಕೇಳಿ. ಮಗನ ಫೀಸು, ಒಡೆದ ಬೋರ್‌ವೆಲ್, ಆಸ್ಪತ್ರೆ, ಏನೋ ಒಂದಿರುತ್ತದೆ. ಅದರಲ್ಲಿ ಅರ್ಧದಷ್ಟನ್ನು ಸಂಘದಿಂದ ಹೊಂದಿಸಿದರೂ ಆ ತಾಯಿಯ ಅವಸರ ಇಳಿಯುತ್ತದೆ. ಏಜೆಂಟ್‌ಗಳು ನಡೆಸುವುದೇ ಅವಸರದ ವ್ಯಾಪಾರ.

‘ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲೇಬೇಡಿ’ ಎಂಬ ಪ್ರಚಾರ ನನಗೆ ಒಪ್ಪಿಗೆ ಇಲ್ಲ. ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರಕ್ಕೆ ಕುಟುಂಬಗಳೇ ಹೋಗುತ್ತವೆ. ಹುಡುಗಿಯರು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ದುಡಿಯಲು ಊರು ಬಿಡುವುದು ತಪ್ಪಲ್ಲ. ಹೋಗುವ ಮೊದಲು ಅಂಗನವಾಡಿಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಕರೆದುಕೊಂಡು ಹೋಗುವವರ ಫೋಟೋ, ಆಧಾರ್ ಪ್ರತಿ, ಕೆಲಸದ ಜಾಗದ ವಿಳಾಸ, ಯಜಮಾನರ ನಂಬರ್. ಹುಡುಗಿಯ ಎದುರಿಗೇ ಆ ಯಜಮಾನರಿಗೆ ವಿಡಿಯೋ ಕಾಲ್ ಮಾಡಿಸಿ. ನೆಟ್ಟಗಿರುವವರು ಕೊಡುತ್ತಾರೆ. ‘ನನ್ನ ಮೇಲೆ ನಂಬಿಕೆ ಇಲ್ಲವಾ’ ಎಂದು ಸಿಟ್ಟಾಗುವವರ ಜೊತೆ ಕಳಿಸಬೇಡಿ. ಹುಡುಗಿಗೆ ಮನೆಯ ಎರಡು ನಂಬರ್ ಬಾಯಿಪಾಠ ಮಾಡಿಸಿ, ಫೋನ್ ಮೊದಲು ಕಿತ್ತುಕೊಳ್ಳುತ್ತಾರೆ. ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಪಕ್ಕದಲ್ಲಿ ಯಾರೋ ನಿಂತು ಮಾತಾಡಿಸುತ್ತಿದ್ದರೂ ‘ಅಜ್ಜಿಯ ಮೊಣಕಾಲು ಹೇಗಿದೆ’ ಎಂದು ಕೇಳಿದರೆ ಸಾಕು, ಕಷ್ಟದಲ್ಲಿದ್ದಾಳೆ ಎಂದು ನಿಮಗೆ ತಿಳಿಯಬೇಕು. ನಿಮ್ಮ ಭಾಗದಲ್ಲಿ ಇನ್ನೂ ಕದ್ದುಮುಚ್ಚಿ ಮುತ್ತು ಕಟ್ಟುವವರಿದ್ದಾರೆ, ಅಂದರೆ ಹುಡುಗಿಯರನ್ನು ದೇವದಾಸಿ ಮಾಡುವವರು. 1982ರಲ್ಲೇ ಕರ್ನಾಟಕ ಅದನ್ನು ಅಪರಾಧ ಮಾಡಿದೆ. ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಮನೆಗಳಿಗೆ ಏಜೆಂಟ್‌ಗಳು ಮೊದಲು ಹೋಗುತ್ತಾರೆ. ಆ ಮನೆಗಳ ಮೇಲೂ ಕಣ್ಣಿರಲಿ.

ಊರಿನ ಯೂಟ್ಯೂಬ್ ಚಾನೆಲ್‌ನವರು ಮೈಕು ಹಿಡಿದು ಬಂದರೆ ಬಾಗಿಲು ತೆರೆಯಬೇಡಿ. ಹೀಗೆ ಬಿಡಿಸಲ್ಪಟ್ಟ ಮಹಿಳೆಯರ ಹೆಸರು, ಮುಖ ತೋರಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ಹೇಳಿದೆ. ಊರವರು ಕೇಳಿದರೆ ‘ಪುಣೆಯಲ್ಲಿ ಕೆಲಸಕ್ಕಿದ್ದಳು, ಬಿಟ್ಟು ಬಂದಳು’ ಅಷ್ಟೇ.

ನೀವು ಕೇಳದೇ ಇರುವ ಒಂದು ಪ್ರಶ್ನೆ ಉಳಿಯಿತು. ಇಷ್ಟೆಲ್ಲ ಮಾಡಿದ ಮೇಲೂ ಅವಳು ‘ನಾನು ಹೋಗುತ್ತೇನೆ’ ಅಂದರೆ? ಆ ದಿನ ಬರಬಹುದು. ಕೂಡಿಹಾಕಬೇಡಿ, ಹೊಡೆಯಬೇಡಿ. ಅವಳಿಗೆ 22 ವರ್ಷ. ಎಲ್ಲಿಗೆ, ಯಾರ ಜೊತೆ, ಯಾವ ನಂಬರ್ ಎಂದು ಕೇಳಿ ಬರೆದುಕೊಳ್ಳಿ. ಕರೆಯುತ್ತಿರುವುದು ಅದೇ ಹೆಂಗಸು ಎಂದಾದರೆ ಪೊಲೀಸರಿಗೆ ತಿಳಿಸಿ, ಅವಳ ಮೇಲಿನ ದೂರಿಗೆ ಅದೂ ಸೇರುತ್ತದೆ. ಎಷ್ಟು ಹೊತ್ತಿಗಾದರೂ ಫೋನ್ ಮಾಡು, ಬರುತ್ತೇನೆ ಎಂದು ಹೇಳಿ ಕಳಿಸಿ. ವಾರಕ್ಕೊಮ್ಮೆ ನೀವೇ ಫೋನ್ ಮಾಡಿ. ಅವಳು ಮತ್ತೆ ಹೋದಳು ಎಂಬ ಕಾರಣಕ್ಕೆ ಮೊದಲ ಸಲ ಅವಳನ್ನು ಮಾರಿದವರ ಮೇಲಿನ ಕೇಸು ಬಿದ್ದುಹೋಗುವುದಿಲ್ಲ. ಪರಿಹಾರ ಕೇಳುವ ಅವಳ ಹಕ್ಕೂ ಹೋಗುವುದಿಲ್ಲ. ಅರ್ಜಿಯ ಪ್ರತಿಗಳನ್ನು ನಿಮ್ಮ ಹತ್ತಿರ ಇಟ್ಟುಕೊಂಡಿರಿ.